ಮೆಣಸಿನಕಾಯಿ ಚೀಲದಲ್ಲಿ ಕೂತು ಚಿಗರಿ ಕಾದದ್ದು

ಮನುಷ್ಯರ ಫೋಟೋ ತೆಗೆದು ತೆಗೆದು ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಎದುರಿಗೆ ಯಾರೇ ಬಂದರೂ ಅವರು ನಾನು ಹೇಳಿದಂತೆ ಕೇಳಬೇಕು ಅನ್ನಿಸುತ್ತದೆ. ರಾಣೆಬೆನ್ನೂರಿನ ನನ್ನ ಸ್ಟುಡಿಯೋದೊಳಗೆ ಎಂಥ ದೊಡ್ಡ ಮನುಷ್ಯ ಬಂದು ಸ್ಟೂಲಿನ ಮೇಲೆ ಕೂತರೂ 'ಗದ್ದ ಎತ್ರಿ' ಅಂದರೆ ಎತ್ತುತ್ತಾನೆ, 'ಉಸಿರು ಹಿಡೀರಿ' ಅಂದರೆ ಹಿಡಿಯುತ್ತಾನೆ. ಊರನ್ನೇ ನಡುಗಿಸುವ ಸಾಹುಕಾರರೊಬ್ಬರಿಗೆ 'ಇನ್ನ ಬಿಡ್ರಿ' ಎಂದು ಹೇಳುವುದನ್ನು ಮರೆತು ನಾನು ಫೋನಿನಲ್ಲಿ ಮಾತಾಡುತ್ತ ನಿಂತುಬಿಟ್ಟಿದ್ದೆ. ಪಾಪ, ಅವರು ಕಣ್ಣುಗುಡ್ಡೆ ಹೊರಬರುವ ತನಕ ಉಸಿರು ಹಿಡಿದುಕೊಂಡೇ ಕೂತಿದ್ದರು. ಇಂಥ ಅಧಿಕಾರ ಮಂತ್ರಿಗಳಿಗೂ ಇರಲಿಕ್ಕಿಲ್ಲ. ಹೀಗಾಗಿ ಫೋಟೋಗ್ರಾಫರ್ ಆದವನಿಗೆ ಸ್ವಲ್ಪ ಸೊಕ್ಕು ಬರುವುದು ಸಹಜ. ನನಗೆ ಸ್ವಲ್ಪ ಹೆಚ್ಚೇ ಬಂದಿತ್ತು. ಅದನ್ನು ಇಳಿಸಲು ನಮ್ಮ ಸೀಮೆಯ ಚಿಗರಿಗಳೇ ಬೇಕಾದವು. ಪುಸ್ತಕದಲ್ಲಿ ಕೃಷ್ಣಮೃಗ ಎಂದು ಬರೆಯುತ್ತಾರಲ್ಲ, ಅದೇ ನಮ್ಮ ಚಿಗರಿ.

ಈ ಚಿಗರಿಯ ಹುಚ್ಚು ಹತ್ತಿದ್ದು ಬ್ಯಾಡಗಿಯಲ್ಲಿ, ದೀಪಾವಳಿಯ ಊಟದ ಹೊತ್ತಿಗೆ. ಬ್ಯಾಡಗಿ ನನ್ನ ಹೆಂಡತಿ ಗಿರಿಜಾಳ ತವರು. ಮಾವನವರದು ಅಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಅವರ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು: ಅವರ ಎದುರಿಗೆ ಯಾರೂ ಸೀನುವಂತಿಲ್ಲ. 'ನಮ್ಮ ಕಾಯಿ ಬಣ್ಣಕ್ಕ ಹೆಸರಾದದ್ದರಿ, ಖಾರಕ್ಕಲ್ಲ. ಮೂಗಿಗೆ ಬಡೀತಂದ್ರ ಅದರಾಗ ಹೊರಗಿನ ಕಾಯಿ ಬೆರಸ್ಯಾರಂತ ಅರ್ಥ' ಎನ್ನುವುದು ಅವರ ಸಿದ್ಧಾಂತ. ಅಂದರೆ ಅವರ ಅಂಗಡಿಯಲ್ಲಿ ಸೀನಿದವನು ಅವರನ್ನು ಮೋಸಗಾರ ಎಂದು ಕರೆದ ಹಾಗೆ. ಮದುವೆಯಾದ ಹೊಸತರಲ್ಲಿ ಅವರು ನನ್ನನ್ನು ಅಂಗಡಿಯೊಳಗೆ ಕರೆದುಕೊಂಡು ಹೋಗಿ ಚೀಲಗಳ ನಡುವೆ ಕೂರಿಸಿ ಚಹಾ ಕುಡಿಸಿದ್ದರು. ನಾನು ಸೀನು ತಡೆಯುತ್ತ ತಡೆಯುತ್ತ ಕಣ್ಣಲ್ಲಿ ದಳದಳ ನೀರು ಸುರಿಸಿದೆ. ಅದನ್ನು ನೋಡಿ ಅತ್ತೆ, 'ನಮ್ಮ ಅಳಿಯಂದ್ರದು ಭಾಳ ಮೆತ್ತನ್ನ ಮನಸೈತಿ, ನಮ್ಮನ್ನ ನೋಡಿದ್ರ ಅಳೂನ ಬರ್ತೈತಿ ಅವರಿಗೆ' ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು. ಆ ಹೆಸರನ್ನು ನಾನು ಇವತ್ತಿಗೂ ಉಳಿಸಿಕೊಂಡಿದ್ದೇನೆ.

ಆದರೆ ಮೆತ್ತನ್ನ ಮನಸ್ಸಿಗೆ ಅಳಿಯತನದಲ್ಲಿ ಬೆಲೆ ಅಷ್ಟಕ್ಕಷ್ಟೇ. ನನ್ನ ಷಡ್ಡಕ ಹಾವೇರಿಯಲ್ಲಿ ಟ್ರ್ಯಾಕ್ಟರ್ ಮಾರುತ್ತಾನೆ. ಬರುವಾಗ ಮಾವನವರಿಗೆ ಏಲಕ್ಕಿ ಹಾರ ತರುತ್ತಾನೆ. ಅವರು ಅದನ್ನು ಹಾಕಿಕೊಂಡೇ ಊಟಕ್ಕೆ ಕೂರುತ್ತಾರೆ. ಅವನಿಗೆ ಅವರು 'ಟ್ರ್ಯಾಕ್ಟರ್ ಅಳಿಯಂದ್ರು' ಎನ್ನುತ್ತಾರೆ, ನನಗೆ 'ಪಾಸ್‌ಪೋರ್ಟ್ ಅಳಿಯಂದ್ರು'. ಇಬ್ಬರಿಗೂ ಬಹುವಚನ ಇದೆ, ನಿಜ. ಆದರೆ ಒಂದರಲ್ಲಿ ಗಾಲಿ ಇದೆ, ಇನ್ನೊಂದರಲ್ಲಿ ಬರೀ ತಲೆ ಮತ್ತು ಹೆಗಲು.

ಆ ದೀಪಾವಳಿಗೆ ಅಂಗಡಿಯ ಹೊಸ ಕ್ಯಾಲೆಂಡರಿನ ಮಾತು ಬಂತು. ಮಾವನವರು ಪ್ರತಿವರ್ಷ ಕದರಮಂಡಲಗಿಯ ಹನುಮಪ್ಪನ ಚಿತ್ರ ಹಾಕಿಸಿ ಕ್ಯಾಲೆಂಡರ್ ಹಂಚುತ್ತಿದ್ದರು. ದೇವರ ಚಿತ್ರವಾದರೆ ವರ್ಷ ಮುಗಿದರೂ ಜನ ಗೋಡೆಯಿಂದ ತೆಗೆಯಲು ಹೆದರುತ್ತಾರೆ, ಅಂಗಡಿಯ ಹೆಸರು ಹಾಗೇ ತೂಗಾಡುತ್ತಿರುತ್ತದೆ ಎಂಬ ಲೆಕ್ಕ ಅವರದು. ನನಗೆ ಹೋಳಿಗೆ ತಲೆಗೇರಿತ್ತೋ, ಷಡ್ಡಕನ ಹಾರದ ವಾಸನೆ ಮೂಗಿಗೆ ಹೊಡೆದಿತ್ತೋ ಗೊತ್ತಿಲ್ಲ.

'ಮಾವಾರ, ಈ ಸಲ ನಮ್ಮ ಸೀಮಿ ಚಿಗರಿ ಹಾಕಸ್ರಿ. ಹಾರೋ ಚಿಗರಿ. ಫೋಟೋ ನಾ ತೆಗದ ಕೊಡ್ತೇನಿ' ಅಂದೆ.

ಮಾವನವರು ಊಟದ ಕೈ ತಡೆದು ನನ್ನನ್ನು ಮೊದಲ ಬಾರಿಗೆ ಪೂರ್ತಿ ನೋಡಿದರು. 'ಆಗ್ಲಿ ತೆಗೀರಿ. ಪ್ರೆಸ್ಸಿನವರಿಗೆ ಕೊಡೂದ್ರಾಗ ಬರ್ಲಿಲ್ಲಂದ್ರ ಹನುಮಪ್ಪ ಅಂತೂ ಇದ್ದಾನ.' ಅತ್ತೆ ಮಾತ್ರ ಒಳಗೆ ಹೋಗಿ, ದೇವರ ಜಾಗಕ್ಕೆ ಚಿಗರಿ ಬರುತ್ತಿರುವುದಕ್ಕೆ ಕದರಮಂಡಲಗಿಯ ಕಡೆ ಮುಖಮಾಡಿ ತಪ್ಪೊಪ್ಪಿಕೊಂಡು ಬಂದರು. ಷಡ್ಡಕ ನಕ್ಕ. ಆ ನಗೆಯಲ್ಲಿಯೇ ನಾನು ಸಿಕ್ಕಿಬಿದ್ದೆ.

ನಮ್ಮೂರ ಹತ್ತಿರದ ಮೇಡ್ಲೇರಿಯಲ್ಲಿ ಬಸಪ್ಪ ಎಂಬ ರೈತರ ಹೊಲವಿದೆ. ಅವರ ಮಗಳ ಮದುವೆಯ ಫೋಟೋ ತೆಗೆದವನು ನಾನೇ. ಕಡಲೆ ಹಸಿರಾಗಿದ್ದ ದಿನಗಳು, ಚಿಗರಿಗಳು ಹಿಂಡು ಹಿಂಡಾಗಿ ಬಂದು ಮೇಯುತ್ತಿದ್ದವು. ನಾನು ಬಂದ ಕಾರಣ ಕೇಳಿ ಬಸಪ್ಪ ಬೆರಗಾದರು. 'ಇವನ್ನ ಓಡಸಾಕ ನಾವು ದಿನಾ ಡಬ್ಬಿ ಬಡಿಯಾಕತ್ತೇವಿ, ನೀವು ನೋಡಿದ್ರ ಹುಡಿಕ್ಕೊಂಡ ಬಂದೀರಿ! ತೆಗೀರಿ, ತೆಗೀರಿ. ಹೋಗೂ ಮುಂದ ಜೋಡೀಲೆ ಕರಕೊಂಡೂ ಹೋಗ್ರಿ.'

ಮೊದಲ ದಿನ ನಾನು ಬದುವಿನ ಮೇಲೆ ನೆಟ್ಟಗೆ ನಿಂತು, ಬಾಡಿಗೆಗೆ ತಂದ ಉದ್ದನೆಯ ಲೆನ್ಸು ಏರಿಸಿದೆ. ಕಪ್ಪು ಬೆನ್ನಿನ, ಸುರುಳಿ ಕೊಂಬಿನ ಗಂಡು ಚಿಗರಿಯೊಂದು ದೂರದಲ್ಲಿ ತಲೆ ಎತ್ತಿತು. ಆಹಾ, ಏನು ನಿಲುವು! ನನ್ನ ಬಾಯಿ ನನ್ನನ್ನು ಕೇಳದೆಯೇ ಕೆಲಸ ಶುರು ಮಾಡಿತು: 'ಹಾಂ, ಹಂಗ ಇರ್ರಿ. ಗದ್ದ ಸ್ವಲ್ಪ ಕೆಳಗ ಮಾಡ್ರಿ.' ಇಡೀ ಹಿಂಡು ಗಾಳಿಗೆ ಹಾರಿ ಮಾಯವಾಯಿತು. ಮರುದಿನವೂ ಅದೇ ಕತೆ. ರೋಲು ತೊಳೆಸಿ ಫೋಟೋ ಒಯ್ದು ಮಾವನವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಇಳಿಸಿ, 'ಕಡಲಿ ಬೆಳಿ ಛಲೋ ಬಂದೈತ್ರಿ. ಚಿಗರಿ ಎಲ್ಲೈತಿ?' ಎಂದರು. ನಾನು ಬೆರಳಿಟ್ಟು ತೋರಿಸಿದೆ. ಅವರು ಅದನ್ನು ನೊಣವೆಂದು ತಿಳಿದು ಕೈಯಿಂದ ಓಡಿಸಲು ನೋಡಿದರು.

ಇನ್ನು ಉಳಿದದ್ದು ಒಂದೇ ಭಾನುವಾರ. ಸೋಮವಾರ ಹಾವೇರಿಯ ಪ್ರೆಸ್ಸಿಗೆ ಚಿತ್ರ ಹೋಗಬೇಕು. ಷಡ್ಡಕ ಫೋನು ಮಾಡಿ, ಬೇಕಾದರೆ ತನ್ನ ಟ್ರ್ಯಾಕ್ಟರಿನ ಚಿತ್ರ ರೆಡಿ ಇದೆಯೆಂದೂ, ಅದು ಕರೆದಲ್ಲಿಗೆ ಬಂದು ಹೇಳಿದಷ್ಟು ಹೊತ್ತು ನಿಲ್ಲುತ್ತದೆಂದೂ ತಿಳಿಸಿದ. ನನಗೆ ರಾತ್ರಿ ಹೋಗಿ ಹಗಲಲ್ಲಿಯೂ ಚಿಗರಿಯೇ ಕಾಣತೊಡಗಿತು. ಅಷ್ಟರಲ್ಲಿ ಯಾವುದೋ ಪತ್ರಿಕೆಯಲ್ಲಿ ಓದಿದೆ: ಕಾಡುಪ್ರಾಣಿಯ ಫೋಟೋ ತೆಗೆಯುವವನು ಸುತ್ತಲಿನ ಬಣ್ಣದಲ್ಲಿ ಬಣ್ಣವಾಗಿ ಅಡಗಿ ಕೂರಬೇಕಂತೆ. ಬಸಪ್ಪ ಕಂಬಳಿ ಕೊಡುತ್ತೇನೆಂದರು. ಕಂಬಳಿ ಕರಿದು, ಒಣಹುಲ್ಲಿನಲ್ಲಿ ಎದ್ದು ಕಾಣುತ್ತದೆ ಎಂದು ನಾನು ಬೇಡವೆಂದೆ. ಒಣಹುಲ್ಲಿನ ಬಣ್ಣದ್ದು ಏನಿದೆ? ಗೋಣಿಚೀಲ! ಗೋಣಿಚೀಲ ಎಲ್ಲಿದೆ? ಬ್ಯಾಡಗಿಯ ಅಳಿಯನಿಗೆ ಅದಕ್ಕೇನು ಬರಗಾಲ? ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಹೋದ ಹಂಗಾಮಿನಲ್ಲಿ ಕಾಯಿ ತುಂಬಿದ್ದ, ಮಾವನವರ ಅಂಗಡಿಯ ಹೆಸರು ದಪ್ಪಕ್ಷರದಲ್ಲಿ ಒತ್ತಿದ್ದ ದೊಡ್ಡ ಚೀಲವೊಂದನ್ನು ತಂದು, ತಲೆಗೊಂದು ಕೈಗೆರಡು ತೂತು ಮಾಡಿದೆ.

ಗಿರಿಜಾ ತಾನೂ ಬರುತ್ತೇನೆಂದು ಹಟ ಹಿಡಿದಳು. 'ಚೀಲದಾಗ ಕುಂತ ಗಂಡನ್ನ ಯಾವಾಗ ನೋಡ್ಲಿ ನಾ?' ಎನ್ನುವುದು ಅವಳ ಕಾರಣ. ಜೊತೆಗೆ ರೊಟ್ಟಿ ಬುತ್ತಿ, ಸ್ಟುಡಿಯೋದಲ್ಲಿ ಮೂಲೆಗೆ ಬಿದ್ದಿದ್ದ ಸಣ್ಣ ಕ್ಯಾಮೆರಾ. ಗಿರಿಜಾ ಫೋಟೋ ತೆಗೆದರೆ ಎಲ್ಲರ ತಲೆ ಹಾರಿಹೋಗುತ್ತದೆ. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಅವಳು ತೆಗೆದವರೆಲ್ಲ ಕುತ್ತಿಗೆಗೆ ಮುಗಿಯುತ್ತಾರೆ, ಯಾರು ಯಾರೆಂದು ಸೀರೆ ನೋಡಿ ಗುರುತಿಸಬೇಕು. 'ಮಾತಾಡಬ್ಯಾಡ, ಅಲುಗಾಡಬ್ಯಾಡ, ಮುಖ್ಯ ಅಂದ್ರ ಏನೂ ಮಾಡಬ್ಯಾಡ' ಎಂದು ಅವಳನ್ನು ಬೇವಿನ ಗಿಡದ ಕೆಳಗೆ ಕೂರಿಸಿ, ನಾನು ಹೊಲದಂಚಿನ ಹುಲ್ಲಿನಲ್ಲಿ ಚೀಲ ತೊಟ್ಟು ಕುಕ್ಕರಗಾಲಲ್ಲಿ ಕೂತೆ.

ಬಿಸಿಲು ಏರಿತು. ಚೀಲ ಕಾಯಿತು. ಚೀಲ ಕಾದಂತೆ ಅದರ ಹೆಣಿಗೆಯಲ್ಲಿ ಸಿಕ್ಕಿಕೊಂಡಿದ್ದ ಬೀಜ, ಪುಡಿ ಎಲ್ಲ ಎಚ್ಚರಗೊಂಡು ಒಂದೊಂದಾಗಿ ನನ್ನ ಕುತ್ತಿಗೆಯ ಕಡೆ ಮೇಲೇರಿ ಬಂದವು. ಮಾವನವರ ಸಿದ್ಧಾಂತದ ಪ್ರಕಾರ ನನಗೆ ಏನೂ ಆಗಬಾರದಿತ್ತು. ಮೂಗಿಗೆ ಸಿದ್ಧಾಂತ ತಿಳಿಯಲಿಲ್ಲ. ಕಣ್ಣು ಉರಿಯತೊಡಗಿತು, ಮೂಗು ಸೋರತೊಡಗಿತು, ಬೆನ್ನಿನ ಮೇಲೆ ಯಾರೋ ಚಟ್ನಿ ಅರೆಯುತ್ತಿದ್ದ ಹಾಗೆ ಆಯಿತು. ಕೈ ಎತ್ತಿ ತುರಿಸಿದರೆ ಚಿಗರಿ ಓಡುತ್ತದೆ, ತುರಿಸದಿದ್ದರೆ ನಾನು ಓಡುತ್ತೇನೆ. ಕಣ್ಣೀರಿನ ಪರದೆಯ ಆಚೆ ಕಡಲೆ ಹೊಲ ಖಾಲಿ ಖಾಲಿ. ಷಡ್ಡಕನ ನಗು ನೆನೆದು ಹಲ್ಲು ಕಚ್ಚಿ ಕೂತೆ.

ಆಗ ಹಿಂದಿನಿಂದ ಕರಂ ಕರಂ ಸದ್ದು ಬಂತು. ಗಿರಿಜಾ ಹಪ್ಪಳ ತಿನ್ನುತ್ತಿದ್ದಾಳೆ ಎಂದುಕೊಂಡು ಗದರಿಸಲು ಮೆಲ್ಲಗೆ ತಿರುಗಿದೆ. ಹಪ್ಪಳ ಅಲ್ಲ! ಬೇವಿನ ಗಿಡಕ್ಕೂ ನನಗೂ ನಡುವೆ, ಕೈಯಳತೆಗೆ ಇನ್ನೊಂದಿಷ್ಟೇ ಆಚೆ, ಆ ಕರಿ ಬೆನ್ನಿನ ಗಂಡು ಚಿಗರಿ ಹುಲ್ಲು ಮೇಯುತ್ತ ನಿಂತಿತ್ತು. ಅಷ್ಟು ಚೆಂದದ ಪ್ರಾಣಿಯನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಕಣ್ಣಿನ ಸುತ್ತ ಬಿಳಿ ಉಂಗುರ, ಮೂಗು ಒದ್ದೆ. ನನಗೆ ಕುಣಿಯಬೇಕೆನಿಸಿತು. ಉಸಿರು ಹಿಡಿದು ಕ್ಯಾಮೆರಾ ಎತ್ತಿದೆ. ಉಸಿರು ಹಿಡಿಯಲು ಮೊದಲು ಒಳಗೆ ಎಳೆದುಕೊಳ್ಳಬೇಕಲ್ಲ, ಎಳೆದುಕೊಂಡೆ. ಕುತ್ತಿಗೆಯ ತೂತಿನಿಂದ ಮೇಲೆ ಬರುತ್ತಿದ್ದ ಚೀಲದ ಗಾಳಿಯನ್ನೇ ಪೂರ್ತಿ ಎಳೆದುಕೊಂಡೆ.

ಮದುವೆಯಾದಾಗಿನಿಂದ ಮಾವನವರ ಮುಂದೆ ತಡೆದಿಟ್ಟ ಸೀನುಗಳೆಲ್ಲ ಒಂದೇ ಸಲಕ್ಕೆ ಹೊರಬಂದವು. ಪಕ್ಕದೂರು ಐರಣಿಗೂ ಕೇಳಿಸಿರಬೇಕು. ಚಿಗರಿ ನಿಂತಲ್ಲಿಂದಲೇ ಆಕಾಶಕ್ಕೆ ಜಿಗಿಯಿತು. ನಾನು ಹಿಂದಕ್ಕೆ ಬಿದ್ದೆ, ಲೆನ್ಸು ಮೋಡದ ಫೋಟೋ ತೆಗೆಯಿತು. ಬೇವಿನ ಗಿಡದ ಕೆಳಗೆ 'ಟಿಕ್' ಎಂದು ಒಂದು ಸಣ್ಣ ಸದ್ದಾಯಿತು. ಅದನ್ನು ನಾನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಬಸಪ್ಪ ಬಾವಿಯ ನೀರು ತಂದು ನನ್ನ ಮೇಲೆ ಸುರಿಯುತ್ತಿದ್ದರು.

ಸೋಮವಾರ ಬೆಳಿಗ್ಗೆ ಸಣ್ಣ ಕ್ಯಾಮೆರಾದ ರೋಲು ತೊಳೆದು ನೋಡಿದೆ. ಚಿಗರಿ ಗಾಳಿಯಲ್ಲಿದೆ, ಕೊಂಬಿನ ತುದಿಯಿಂದ ಗೊರಸಿನ ತನಕ ಒಂದಿಷ್ಟೂ ಕಟ್ಟಾಗಿಲ್ಲ. ಅದರ ಹೊಟ್ಟೆಯ ಕೆಳಗೆ, ಕಮಾನಿನಲ್ಲಿ ಕಟ್ಟು ಹಾಕಿದ ಹಾಗೆ, ಚೀಲದಿಂದ ಹೊರಬಂದ ನನ್ನ ತಲೆ. ಬಾಯಿ ತೆರೆದಿದೆ, ಕಣ್ಣು ಮುಚ್ಚಿದೆ, ಮುಖ ಕೆಂಪು ಕೆಂಪು. ಎದೆಯ ಮೇಲೆ ಮಾವನವರ ಅಂಗಡಿಯ ಹೆಸರು. ಅದನ್ನು ಹರಿದುಹಾಕುವಷ್ಟರಲ್ಲಿ ಗಿರಿಜಾ ಬಸ್ಸು ಹತ್ತಿ ಬ್ಯಾಡಗಿಗೆ ಒಯ್ದಾಗಿತ್ತು. ನಾನು ಹಿಂದೆಯೇ ಓಡಿದೆ. ಸೀನಿದ್ದು ಗೊತ್ತಾದರೆ ನನ್ನ ಅಳಿಯತನ ಮುಗಿದಂತೆಯೇ.

ಮಾವನವರು ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಗೆ ಅವರ ಕಣ್ಣು ತುಂಬಿ ಬಂತು. 'ಏನ್ ಬಣ್ಣರಿ ಇದು! ಖರೇ ಬ್ಯಾಡಗಿ ಬಣ್ಣ! ಅಳಿಯಂದ್ರು ನಮ್ಮ ಚೀಲ ಹಾಕ್ಕೊಂಡು ಎಷ್ಟ ಖುಷಿಲೆ ನಗಾಕತ್ತಾರ ನೋಡ್ರಿ!' ಅತ್ತೆ, 'ನಗೂದಲ್ಲ, ಹನುಮಪ್ಪನ ಹೆಸರು ಕೂಗಾಕತ್ತಾರ' ಎಂದು ಕೈಮುಗಿದರು. ನಾನು ಎರಡಕ್ಕೂ ತಲೆಯಾಡಿಸಿದೆ. ಬೇರೇನು ಮಾಡಲಿ? ನಿಜ ಹೇಳಿದರೆ ಅವರ ಕಾಯಿಗೆ ಅವಮಾನ.

ಕ್ಯಾಲೆಂಡರ್ ಬಂತು. ಚಿತ್ರದ ಕೆಳಗೆ 'ನಮ್ಮಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ' ಎಂದು ಕೆಂಪಕ್ಷರದಲ್ಲಿ, ಮೂಲೆಯಲ್ಲಿ ಫೋಟೋ ತೆಗೆದ ಮಗಳ ಹೆಸರನ್ನು ಸಣ್ಣಕ್ಷರದಲ್ಲಿ ಹಾಕಿಸಿದ್ದರು. ಬ್ಯಾಡಗಿಯ ಮಂದಿಗೆ ಸೀನು ಯಾವುದು, ನಗು ಯಾವುದು ಎಂದು ಹೇಳಿಕೊಡಬೇಕೇ? ಇಡೀ ಪೇಟೆ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಯಾರೂ ಮಾವನವರಿಗೆ ಹೇಳಲಿಲ್ಲ. ಹನುಮಪ್ಪನಿಗೂ ಇಷ್ಟು ಬೇಡಿಕೆ ಇರಲಿಲ್ಲ. ಹಾವೇರಿಯಲ್ಲಿ ಷಡ್ಡಕನ ಟ್ರ್ಯಾಕ್ಟರ್ ಅಂಗಡಿಯ ಗೋಡೆಯ ಮೇಲೂ ನಾನೇ. ನನ್ನ ಸ್ಟುಡಿಯೋದಲ್ಲಂತೂ 'ನಗ್ರಿ' ಎಂದು ಹೇಳುವ ಕೆಲಸವೇ ತಪ್ಪಿತು. ಗೋಡೆ ನೋಡಿದ ಕೂಡಲೇ ಗಿರಾಕಿಗಳು ನಗಲು ಶುರು ಮಾಡುತ್ತಾರೆ, ಪಾಸ್‌ಪೋರ್ಟ್ ಫೋಟೋಕ್ಕೆ ಬಾಯಿ ಮುಚ್ಚಿಸುವುದೇ ಕಷ್ಟ.

ಮೊನ್ನೆ ಕಾಡುಪ್ರಾಣಿಗಳ ಫೋಟೋ ತೆಗೆಯುವ ಹವ್ಯಾಸದ ಒಬ್ಬರು ಕ್ಯಾಲೆಂಡರ್ ನೋಡಿ ಸ್ಟುಡಿಯೋಕ್ಕೇ ಬಂದಿದ್ದರು. ನಾನು ಕುರ್ಚಿ ಸರಿಸಿ ಗಂಟಲು ಸರಿಮಾಡಿಕೊಂಡೆ. ಅವರು ನನ್ನನ್ನು ದಾಟಿ ಹೋಗಿ ಗಿರಿಜಾಳಿಗೆ ಕೈಮುಗಿದು, 'ಎಂಥ ಫೋಟೋರಿ ಅಕ್ಕಾರ! ಹೆಂಗ ಸಿಕ್ತು ನಿಮಗ?' ಎಂದರು.

'ಅದರಾಗ ಏನೈತ್ರಿ ಅಣ್ಣಾರ? ಹತ್ರ ಹೋಗಬಾರದು, ಮಾತಾಡಸಬಾರದು. ತನ್ನ ಪಾಡಿಗೆ ತಾ ಇದ್ದಾಗ ಸುಮ್ನ ಒತ್ತಿಬಿಡಬೇಕು' ಎಂದಳು ಗಿರಿಜಾ.

'ಚಿಗರಿ ಅಂದ್ರ ಹಂಗ ನೋಡ್ರಿ, ಭಾಳ ನಾಚಿಕಿ ಪ್ರಾಣಿ' ಎಂದು ಅವರು ತಲೆದೂಗಿದರು.

'ಚಿಗರೀದಲ್ಲರಿ, ನಾ ತಗದದ್ದು ಇವರದ್ದು' ಎಂದು ಗಿರಿಜಾ ನನ್ನ ಕಡೆ ಕೈ ತೋರಿಸಿದಳು. 'ಚಿಗರಿ ನಡುವ ತಾನ ಬಂತು.'