ಕಿಡ್ನಿ ಹೋದ ಮೇಲೆ ಬರೆದ ಗುರಿಗಳು

ಕಿಡ್ನಿ ಕೈಕೊಟ್ಟವರಿಗೆ ನಗು ಬರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ವಾರಕ್ಕೆ ಮೂರು ದಿನ, ತಾಸುಗಟ್ಟಲೆ ಒಂದೇ ಕಡೆ ಮಲಗಿಸಿಟ್ಟರೆ ನಗುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ಎದ್ದು ಹೋಗುವ ಹಾಗೂ ಇಲ್ಲ, ರಕ್ತವೆಲ್ಲ ಯಂತ್ರದೊಳಗೆ ಇರುತ್ತದೆ.

ನಾನು ತೊಂಬತ್ತೇಳರಿಂದ ಕುಂದಾಪುರ-ಬೈಂದೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ವಯಸ್ಸು ನಲವತ್ತು ದಾಟಿದ ಮೇಲೆ ಎರಡೂ ಕಿಡ್ನಿ ಹೋದವು, ಹಿಂದೆಯೇ ಕೆಲಸವೂ ಹೋಯಿತು. ಡಯಾಲಿಸಿಸ್ ಕೋಣೆಯಲ್ಲಿ ನನ್ನ ಪಕ್ಕದ ಹಾಸಿಗೆಯವಳು ಮನೆ ಮನೆಗೆ ಮೀನು ಮಾರುತ್ತಿದ್ದ ಹೆಂಗಸು. ನನಗಿಂತ ದೊಡ್ಡವಳು, ಹಾಗಾಗಿ ಅಕ್ಕ.

ಮೇಡಂ ಕೇಳಿದ ಪ್ರಶ್ನೆ

ಒಂದು ದಿನ ನಮಗೆ ಧೈರ್ಯ ಹೇಳಲು ಒಬ್ಬ ಮೇಡಂ ಬಂದರು. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, "ನಿಮ್ಮ ಬದುಕಿನ ಗುರಿಗಳನ್ನು ಬರೆಯಿರಿ, ಒಂದೊಂದಾಗಿ ಪೂರೈಸಿ" ಎಂದರು. ಅಕ್ಕನಿಗೆ ಬರೆಯಲು ಬಾರದು. ಅವಳದನ್ನೂ ನಾನೇ ಬರೆಯುವುದೆಂದಾಯಿತು.

ಮೇಡಂ ಅವಳ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಅಮ್ಮ, ಐದು ವರ್ಷದ ನಂತರ ನೀವು ಎಲ್ಲಿರಬೇಕು ಅಂತ ಆಸೆ?"

ಅಕ್ಕ ಮಲಗಿದಲ್ಲಿಂದಲೇ ಹೇಳಿದಳು. "ಇಲ್ಲೇ."

"ಹಾಗಲ್ಲ, ಈ ಆಸ್ಪತ್ರೆಯಿಂದ ಆಚೆ ಯೋಚನೆ ಮಾಡಿ."

"ಇಲ್ಲಿಂದ ಆಚೆ ಹೋಪ್ದ್ ಎಲ್ಲಿಗಂದೇಳಿ ನಿಮ್ಗೂ ಗೊತ್ತಿತ್ತ್. ನಾನ್ ಇಲ್ಲೇ ಇರ್ತೆ ಮಾರಾಯ್ರೆ."

ಕಿಟಕಿ ಪಕ್ಕದ ಸೀಟು

ನನ್ನ ಮೊದಲ ಗುರಿ, ಬೈಂದೂರಿನವರೆಗೆ ಕಿಟಕಿ ಪಕ್ಕ ಕೂತು ಹೋಗುವುದು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ರಸ್ತೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾನು ಅದೇ ರಸ್ತೆಯಲ್ಲಿ ದಿನಾ ಓಡಾಡಿಯೂ ಕಂಡದ್ದು ಜನರ ಕಂಕುಳು ಮಾತ್ರ.

ಡಯಾಲಿಸಿಸ್ ಇಲ್ಲದ ದಿನ ನೋಡಿ ನನ್ನ ಹಳೆಯ ಬಸ್ಸಿಗೇ ಹತ್ತಿದೆ. ಈಗಿನ ಕಂಡಕ್ಟರ್ ನನ್ನ ಕೈಕೆಳಗೇ ಕೆಲಸ ಕಲಿತವನು. ಕಡಲಿನ ಬದಿಯ ಸೀಟು ಬಿಡಿಸಿಕೊಟ್ಟ. ಹೆಮ್ಮಾಡಿ ದಾಟಿತು. ತ್ರಾಸಿಯಲ್ಲಿ ಮದುವೆಗೆ ಹೊರಟ ಜನ ನುಗ್ಗಿದರು. ಎಲ್ಲರೂ ಬಾಗಿಲಲ್ಲೇ ಜೋತಾಡುತ್ತಿದ್ದಾರೆ, ಹಿಂದೆ ಖಾಲಿ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಹ್ವಾಯ್, ಹಿಂದ್ ಹೋಯ್ನಿ, ಹಿಂದ್ ಜಾಗ ಇತ್ತ್ ಕಾಣಿ" ಎಂದು ಕೂಗಿದೆ.

ಜನ ಹಿಂದೆ ಹೋದರು. ತಿರುಗಿ ನೋಡಿದರೆ ನನ್ನ ಸೀಟಿನಲ್ಲಿ ಒಬ್ಬಳು ಅಜ್ಜಿ, ಮಡಿಲಲ್ಲಿ ಮೊಮ್ಮಗು. ಎಬ್ಬಿಸಲು ಬಾಯಿ ಬರಲಿಲ್ಲ. ಮರವಂತೆ ಬಂತು, ಹೋಯಿತು. ನಾನು ಕಂಬಿ ಹಿಡಿದು ನಿಂತಿದ್ದೆ. ಅಜ್ಜಿ ಕಡಲನ್ನು ಸಾಕಾಗುವಷ್ಟು ನೋಡಿ ಮುಗಿಸಿ ನನ್ನತ್ತ ತಿರುಗಿದಳು.

"ಬೈಂದೂರಿಗೊಂದ್ ಟಿಕೆಟ್ ಕೊಡಿ ಕಾಂಬ."

ಬ್ರಹ್ಮಾವರದ ಚೌಕಾಶಿ

ಅಕ್ಕನಿಗೆ ಕಡಲು ನೋಡುವ ಆಸೆಯೇನೂ ಇರಲಿಲ್ಲ. ದೋಣಿ ಮಗುಚಿ ಗಂಡ ಹೋದದ್ದು ಅಲ್ಲಿಯೇ. ಅವಳ ಆಸೆ ಬೇರೆ. ಒಮ್ಮೆಯಾದರೂ ಗಿರಾಕಿಯಾಗಬೇಕು. ಬುಟ್ಟಿ ಕೆಳಗಿಡಿಸಿ, ಒಂದೊಂದೇ ಮೀನಿನ ಕಿವಿರು ಬಿಡಿಸಿ ನೋಡಿ, ಮೂಗು ಮುರಿದು ಒಳಗೆ ಹೋದ ಅಮ್ಮಂದಿರನ್ನು ಅವಳು ಬದುಕಿಡೀ ಕಂಡಿದ್ದಳು.

ಕುಂದಾಪುರದಲ್ಲಿ ಎಲ್ಲರಿಗೂ ಅವಳ ಗುರುತಿತ್ತು. ಹಾಗಾಗಿ ಬ್ರಹ್ಮಾವರದ ಮೀನು ಮಾರ್ಕೆಟ್ಟಿಗೆ ಹೋದೆವು. ಸುಡುವ ಬಿಸಿಲು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು, ಅಂದಿನ ಪಾಲು ಇಬ್ಬರದೂ ದಾರಿಯಲ್ಲೇ ಮುಗಿದಿತ್ತು. ನಾಲಗೆ ಒಣಗಿಸಿಕೊಂಡೇ ಅಕ್ಕ ಬಂಗುಡೆಯ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎತ್ತಿದಳು, ಒತ್ತಿದಳು, ಮೂಸಿದಳು, ರೇಟನ್ನು ಅರ್ಧಕ್ಕೆ ತಂದಳು. ಮಾರುವವಳು ಸೋತು, "ಆಯ್ತ್, ತಕಣಿ" ಎಂದದ್ದೇ ಅಕ್ಕ ಸೆರಗು ಕೊಡವಿ ಎದ್ದಳು.

"ಬ್ಯಾಡ. ಇವತ್ತ್ ಸೋಮಾರ, ನಾವ್ ಮೀನ್ ತಿಂಬುದಿಲ್ಲ."

ಅಂದು ಬುಧವಾರ.

ಹಿಂದಿನಿಂದ ಶಾಪ ಕೇಳಿಸಿತು. "ನಿಂಗೆ ಕುಡೂಕೆ ಒಂದ್ ತೊಟ್ಟ್ ನೀರ್ ಸಿಕ್ಕುಕಾಗ."

ಅಕ್ಕ ನಿಂತು ತಿರುಗಿದಳು. "ಅದ್ ಮುಂಚೆಯೇ ಆಯ್ತ್ ಮಾರಾಯ್ತಿ. ಬೇರೆ ಎಂತಾರೂ ಹೇಳ್."

ಸ್ಟುಡಿಯೋದ ಫೋಟೊ

ಅವಳ ಎರಡನೇ ಗುರಿ, ತಾನೊಬ್ಬಳೇ ಇರುವ ಒಂದು ಒಳ್ಳೆಯ ಫೋಟೊ. ಸ್ಟುಡಿಯೋದ ಹುಡುಗ ದೀಪ ಹಾಕಿ, "ಸ್ವಲ್ಪ ನಗಿ ಅಕ್ಕ" ಎಂದ.

"ನೆಗಾಡುದಿಲ್ಲ. ಈ ಫೋಟೊ ಎಂತಕ್ಕಂದೇಳಿ ನಂಗೊತ್ತಿತ್ತ್. ಮನಿಯವ್ರ್ ಅಳುವತ್ತಿಗೆ ನಾನ್ ಗೋಡಿ ಮೇಲ್ ಹಲ್ಲ್ ಕಿರ್ಕಂಡ್ ಇದ್ರೆ ಚಂದ ಕಾಣ್ತಾ?"

ಹುಡುಗ ನಗದ ಮುಖವನ್ನೇ ಕ್ಲಿಕ್ಕಿಸಿದ.

ಆ ಮಳೆಗಾಲದಲ್ಲಿ ಎದೆಯಲ್ಲಿ ನೀರು ತುಂಬಿ ಅಕ್ಕ ಹೋದಳು. ನಾನು ನನ್ನ ಸರದಿಗೆ ಹೋದಾಗ ಅವಳ ಹಾಸಿಗೆಗೆ ಬೇರೆ ಬೆಡ್‌ಶೀಟು ಬಂದಿತ್ತು, ಬೇರೆ ಯಾರೋ ಮಲಗಿದ್ದರು. ಸಿಸ್ಟರ್ ಸೂಜಿ ಚುಚ್ಚುವಾಗ ನನ್ನ ಮುಖ ನೋಡಲಿಲ್ಲ. ಅಂದು ಯಂತ್ರದ ಸದ್ದು ಮಾತ್ರ ಕೇಳುತ್ತ ಮಲಗಿದ್ದೆ.

ಅವಳ ಬೊಜ್ಜದ ಊಟಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಹೋದೆ. ಪಂಕ್ತಿಯ ಎದುರಿನ ಗೋಡೆಯಲ್ಲಿ ಅಕ್ಕ ಹಾರ ಹಾಕಿಸಿಕೊಂಡು, ಅರ್ಧ ರೇಟಿಗೆ ಕೇಳಿದವರನ್ನು ನೋಡುವ ಹಾಗೆ ಎಲ್ಲರನ್ನೂ ದುರುಗುಟ್ಟುತ್ತಿದ್ದಳು. ಅವಳ ಮಗ ಬಡಿಸುತ್ತ ನನ್ನ ಕಿವಿಯಲ್ಲಿ ಹೇಳಿದ.

"ಕಾಣಿ ಕಂಡಕ್ಟ್ರೆ, ಉಪ್ಪಿಲ್ಲ, ಹುಳಿಯಿಲ್ಲ ಅಂದೇಳಿ ಒಬ್ರೂ ಉಸ್ರ್ ತೆಗಿಲಿಲ್ಲ. ನಮ್ಮಬ್ಬಿ ಗೋಡಿ ಮೇಲಿಂದ ಕಾಂತಾ ಇತ್ತಲೆ."

ಸಾಯದ ವೇಷ

ಅಕ್ಕ ಹೋದ ಮೇಲೆ ನನಗೆ ಯಾವ ಗುರಿಯೂ ಬೇಡವಾಯಿತು. ಹೆಂಡತಿ ಬಿಡಲಿಲ್ಲ. "ಯಕ್ಷಗಾನದ್ ವೇಷ ಕಟ್ಟುಕ್ ಅಂದೇಳಿ ಮದಿ ಆದಲ್ಲಿಂದ ಹೇಳ್ತಿದ್ರಿ. ಒಂದ್ಸಲ ಕಟ್ಟಿ, ಮುಗೀಲಿ" ಎಂದಳು.

ಸಾಲಿಗ್ರಾಮದ ಕಡೆ ಹವ್ಯಾಸಿಗಳದೊಂದು ಯಕ್ಷಗಾನ ತಂಡವಿತ್ತು. ಭಾಗವತರ ಹತ್ತಿರ ಒಂದೇ ಷರತ್ತು ಹಾಕಿದೆ. "ಸಾಯುವ ವೇಷ ಮಾತ್ರ ಬ್ಯಾಡ."

ಭಾಗವತರು ತಾಂಬೂಲ ಉಗುಳಿ ಬಂದು ಹೇಳಿದರು. "ಅಡ್ಡಿಲ್ಲೆ. ನಿಮ್ಗೆ ಸಾಯೂಕಿಲ್ಲ. ನೀವ್ ಯಮದೂತ."

ಭಾನುವಾರ ಮಧ್ಯಾಹ್ನದ ಆಟ. ಹೆಂಡತಿ ಎದುರಿನ ಸಾಲಿನಲ್ಲೇ ಕೂತಿದ್ದಳು. ನಾನು ಎರಡು ಸುತ್ತು ಕುಣಿದು, ಸತ್ತು ಮಲಗಿದವನ ಕುತ್ತಿಗೆಗೆ ಪಾಶ ಹಾಕಿ ಎಳೆದುಕೊಂಡು ಹೋಗಬೇಕು, ಅಷ್ಟೇ. ಸತ್ತವನು ಹಾಲಿನ ಡೈರಿಯ ಗುಮಾಸ್ತ, ಒಳ್ಳೆಯ ಮೈಕಟ್ಟಿನ ಆಸಾಮಿ. ಮೊದಲ ಸುತ್ತಿಗೇ ನನ್ನ ಉಸಿರು ಮೇಲೆ ಕೆಳಗೆ ಆಯಿತು. ಹೇಗೋ ಪಾಶ ಹಾಕಿ ಎಳೆದೆ. ಅವನು ಕದಲಲಿಲ್ಲ. ಇನ್ನೊಮ್ಮೆ ಎಳೆದೆ. ಕಣ್ಣು ಕತ್ತಲೆಗಟ್ಟಿ ಅವನ ಹೊಟ್ಟೆಯ ಮೇಲೆಯೇ ಕೂತುಬಿಟ್ಟೆ.

ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ. "ಎಂತ ಆಯ್ತ್?"

"ಉಸ್ರ್ ಬತ್ತಿಲ್ಲ."

"ಒಳ್ಗ್ ಹೋಪನಾ?"

"ನೀನ್ ಸತ್ತಿದ್ದೆ ಮಾರಾಯ."

"ಅದ್ ಆಮೇಲ್ ಕಾಂಬ" ಎಂದವನೇ, ಕುತ್ತಿಗೆಯಲ್ಲಿ ಪಾಶ ಇದ್ದ ಹಾಗೆಯೇ ಎದ್ದು, ನನ್ನನ್ನು ಮಗುವಿನ ಹಾಗೆ ಎತ್ತಿಕೊಂಡು ಪರದೆಯ ಹಿಂದೆ ನಡೆದ. ಚೆಂಡೆ ನಿಂತಿತು.

ಕಣ್ಣು ಬಿಟ್ಟಾಗ ಹೆಂಡತಿ ನನ್ನ ಮುಖದ ಕಪ್ಪು ಬಣ್ಣ ಒರೆಸುತ್ತಿದ್ದಳು. ಅವಳ ಕೆನ್ನೆಯಲ್ಲೂ ಬಣ್ಣ, ಕಣ್ಣಲ್ಲಿ ನೀರು, ಆದರೆ ಭುಜ ಕುಲುಕುತ್ತಿತ್ತು. "ಅಳ್ಬೇಡ" ಎಂದೆ. ಅವಳು ಅಳುತ್ತಿರಲಿಲ್ಲ, ನಗು ತಡೆಯುತ್ತಿದ್ದಳು. ನನ್ನನ್ನು ಎತ್ತಿಕೊಂಡು ಹೋದದ್ದು ಕಂಡು ಅವಳು ಗಾಬರಿಯಿಂದ ಎದ್ದು ಓಡುವಾಗ, ಹಿಂದಿನ ಸಾಲಿನ ಒಬ್ಬ ಅಜ್ಜ ಪಕ್ಕದವರಿಗೆ ಹೇಳುತ್ತಿದ್ದರಂತೆ.

"ಕಂಡ್ರ್ಯಾ, ಯಮನ್ ಆಫೀಸಲ್ಲೂ ಹೀಂಗೇ. ನಮ್ಮ್ ಕೆಲ್ಸ ನಾವೇ ಮಾಡ್ಕಣ್ಕ್."