ಟೂಲ್‌ಬಾರಿನಲ್ಲಿ ಹಿರಿತನ

ನೀರು ಸರಬರಾಜು ಕಚೇರಿಯ ವೆಬ್‌ಸೈಟಿನ ಆಡಳಿತ ಟೂಲ್‌ಬಾರಿನಲ್ಲಿ ಲಿಂಕುಗಳ ಮಾನಹಾನಿಯಾದ ಘಟನೆಯು ಒಂದು ಸೋಮವಾರ, ಸಿಬ್ಬಂದಿಯು ಹಾಜರಿ ಹಾಕುತ್ತಿದ್ದ ವೇಳೆಯಲ್ಲಿ ಸಂಭವಿಸಿತು.

ಟೂಲ್‌ಬಾರ್ ಎಂದರೆ ಕಂಪ್ಯೂಟರ್ ಪರದೆಯ ನೆತ್ತಿಯ ಮೇಲಿರುವ ಕಪ್ಪು ಪಟ್ಟಿ. ಸಾರ್ವಜನಿಕರಿಗೆ ಅದು ಕಾಣುವುದಿಲ್ಲ. ಕಚೇರಿಯಲ್ಲೂ ಅದನ್ನು ನೋಡುತ್ತಿದ್ದವರು ಒಬ್ಬರೇ, ವೆಬ್‌ಸೈಟ್ ನೋಡಿಕೊಳ್ಳುವ ಗುಮಾಸ್ತೆ. ಎಲ್ಲರೂ ಅವರನ್ನು ವೆಬ್ಬಮ್ಮ ಎನ್ನುತ್ತಿದ್ದರು. ಸಂಬಳದ ಚೀಟಿಯಲ್ಲೂ ಹಾಗೇ ಬರತೊಡಗಿದ ಮೇಲೆ ಆಕೆಯೂ ಒಪ್ಪಿಕೊಂಡಿದ್ದರು. ಪಟ್ಟಿಯ ಬಾಲದಲ್ಲಿದ್ದ 'ದೂರುಗಳು' ಲಿಂಕನ್ನು ದಿನವೂ ಹುಡುಕಿ ಹುಡುಕಿ ಸಾಕಾಗಿ, ಅಂದು ಆಕೆ ಅದನ್ನು ಎಳೆದು ಎಲ್ಲಕ್ಕಿಂತ ಮುಂದೆ ಇಟ್ಟರು.

ಪೆನ್ನು ಕೇಳಲು ಬಂದ ಮುಖ್ಯಾಧಿಕಾರಿಗಳ ಕಣ್ಣು ಪರದೆಯ ಮೇಲೆ ಬಿತ್ತು.

"ಏನಮ್ಮಾ ಇದು? 'ಮುಖ್ಯಾಧಿಕಾರಿಗಳ ಸಂದೇಶ' ಎಲ್ಲಿ?"

"ಎರಡನೇದು ಸಾರ್. ಅದನ್ನ ಯಾರೂ ಒತ್ತಲ್ಲ, ಅದಕ್ಕೇ..."

"ಒತ್ತೋದು ಬೇರೆ, ಮರ್ಯಾದೆ ಬೇರೆ. ದೂರಿನ ಬೆನ್ನ ಹಿಂದೆ ನಾನು ನಿಂತ್ಕೊಳ್ಳೋದಾ?"

ಮಧ್ಯಾಹ್ನವೇ ಸುತ್ತೋಲೆ ಹೊರಟಿತು: "ಇನ್ನು ಮುಂದೆ ಲಿಂಕುಗಳು ಸೇವಾ ಹಿರಿತನಕ್ಕನುಗುಣವಾಗಿ ನಿಲ್ಲತಕ್ಕದ್ದು. ಕಿರಿಯ ಲಿಂಕು ಹಿರಿಯ ಲಿಂಕಿಗಿಂತ ಮುಂದೆ ಕಂಡುಬಂದಲ್ಲಿ ಸದರಿ ಲಿಂಕಿನ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ಸುತ್ತೋಲೆ ಓದಿದ ಪ್ರತಿಯೊಬ್ಬರಿಗೂ ತಮಗೊಂದು ಲಿಂಕು ಇಲ್ಲವೆಂಬುದು ಆಗಲೇ ಹೊಳೆದದ್ದು. ಉಪ ಎಂಜಿನಿಯರರಿಗೆ ಒಂದು ಬಂತು, ಲೆಕ್ಕಪತ್ರದವರಿಗೆ ಒಂದು, ಉಗ್ರಾಣದವರಿಗೆ ಒಂದು. ಉಗ್ರಾಣದವರದು ಲಾಗ್‌ಔಟ್ ಮಾಡುವ 'ನಿರ್ಗಮನ'ದ ಪಕ್ಕ ಬಿತ್ತು. ನಿವೃತ್ತಿ ಹತ್ತಿರವಿದ್ದ ಅವರು ಮುಖ ಊದಿಸಿಕೊಂಡು, "ನನ್ನನ್ನ ಈಗಲೇ ಬಾಗಿಲ ಹತ್ರ ನಿಲ್ಲಿಸ್ತೀರಾ?" ಎಂದರು. ಮಾನವೀಯ ನೆಲೆಯಲ್ಲಿ 'ನಿರ್ಗಮನ'ವನ್ನು ತೆಗೆಯಲಾಯಿತು. ಹೊರಬರುವ ದಾರಿ ಇಲ್ಲವಾದ್ದರಿಂದ ಕಂಪ್ಯೂಟರನ್ನು ತೆರೆದಿಟ್ಟೇ ಮನೆಗೆ ಹೋಗಬೇಕಾಯಿತು. ಕಾಯಲು ಒಂದು ಕಾವಲುಗಾರನ ಹುದ್ದೆ ಮಂಜೂರಾಯಿತು. ಅವನಿಗೂ ಒಂದು ಲಿಂಕು ಕೊಟ್ಟರು.

ಹಿಂದೆ ಮುಂದೆ ಯಾರೂ ಇಲ್ಲದ 'ದೂರುಗಳು' ಮತ್ತು 'ಪ್ರಕಟಿಸು' ಎಂಬ ಲಿಂಕುಗಳು 'ಇತರೆ'ಯೊಳಗೆ ಹೋದವು. 'ಇತರೆ' ತುಂಬಿದಾಗ 'ಇತರೆಯ ಇತರೆ'ಗೆ ಇಳಿದವು. ಅದಕ್ಕೆ ಬೀಗ ಹಾಕಲಾಯಿತು. ನೀರು ಬಿಡುವ ವೇಳಾಪಟ್ಟಿ ವೆಬ್‌ಸೈಟಿನಲ್ಲಿ ಪ್ರಕಟವಾಗದೆ ನೀರು ಬಿಡಕೂಡದೆಂಬುದು ಕಚೇರಿಯ ಹಳೆಯ ನಿಯಮ. ಹೀಗಾಗಿ ಆ ವಾರ ನೀರು ಬರಲಿಲ್ಲ.

ವೆಬ್ಬಮ್ಮನ ಮನೆಯಲ್ಲಿ ಅತ್ತೆ ಖಾಲಿ ಡ್ರಮ್ಮನ್ನು ಬಡಿದು ತೋರಿಸಿದರು. "ನೀರಿನ ಆಫೀಸಲ್ಲಿ ಸೊಸೆ ಇದಾಳೆ, ಇಲ್ಲಿ ನಾನು ಮುಖ ತೊಳೆಯೋಕೂ ಯೋಚನೆ ಮಾಡ್ಬೇಕು!"

"ಪ್ರಕಟಿಸೋ ಲಿಂಕು ಕೆಳಗೆ ಹೋಗ್ಬಿಟ್ಟಿದೆ ಅತ್ತೆ."

"ಹೋದ್ರೆ ಬಗ್ಗಿ ತೆಗೀಬಾರ್ದಾ?"

ಅತ್ತೆಯ ಮಾತು ನಾಟಿತು. ಮರುದಿನ ವೆಬ್ಬಮ್ಮ ಧೈರ್ಯ ಮಾಡಿ ಸಭೆಯಲ್ಲಿ ಎದ್ದು ನಿಂತರು. "ಸಾರ್, ಒಂದೇ ಒಂದು ಲಿಂಕು ಮೇಲೆ ತರ್ತೀನಿ. ಜನಕ್ಕೆ ಕುಡಿಯೋಕೂ ನೀರಿಲ್ಲ."

"ತನ್ನಿ. ಯಾರನ್ನ ಕೆಳಗಿಳಿಸ್ಲಿ, ಹೇಳಿ."

ಎಲ್ಲರೂ ವೆಬ್ಬಮ್ಮನ ಮುಖ ನೋಡಿದರು. ಆಕೆ ಕೂತರು.

ಆಗ ಉಪ ಎಂಜಿನಿಯರರು, ಯಾರನ್ನೂ ನೋಯಿಸದೆ ಪಟ್ಟಿಯನ್ನೇ ಅಗಲ ಮಾಡಬಹುದೆಂದು ಸೂಚಿಸಿದರು. ಗುತ್ತಿಗೆ ಅವರ ಬಾಮೈದನಿಗೆ ಸಿಕ್ಕಿತು. ರಸ್ತೆ ಅಗಲ ಮಾಡಿದ ಅನುಭವ ಅವನಿಗಿತ್ತು. ಅವನು ತಂದ ಪರದೆ ಎಷ್ಟು ಅಗಲವಿತ್ತೆಂದರೆ ಕೋಣೆ ಸಾಲದೆ ಗೋಡೆ ಒಡೆಯಬೇಕಾಯಿತು. ಗೋಡೆಯ ಆಚೆ ಪಂಪ್‌ಹೌಸ್ ಇತ್ತು. ಪಂಪಿನ ಸ್ವಿಚ್‌ಬೋರ್ಡು ಅದೇ ಗೋಡೆಯ ಮೇಲಿತ್ತು. ಅದನ್ನು ಜಾಗ್ರತೆಯಿಂದ ಬಿಚ್ಚಿ, ಬಟ್ಟೆ ಸುತ್ತಿ, ಉಗ್ರಾಣದಲ್ಲಿಟ್ಟರು.

'ಪ್ರಕಟಿಸು' ಮೇಲೆ ಬಂತು. ವೆಬ್ಬಮ್ಮ ಒತ್ತಿದರು. ಊರಿನ ಎಲ್ಲ ಬೀದಿಗಳಿಗೂ ನೀರು ಬಿಡುವ ಸಮಯ ಅಚ್ಚುಕಟ್ಟಾಗಿ ಪ್ರಕಟವಾಯಿತು. ನೀರು ಮಾತ್ರ ಬರಲಿಲ್ಲ.

ಖಾಲಿ ಬಕೆಟ್ಟು ಹಿಡಿದು ಜನ ನುಗ್ಗಿದರು. ಮುಖ್ಯಾಧಿಕಾರಿಗಳು ಅಳುಕದೆ ಅವರನ್ನು ಪರದೆಯ ಮುಂದೆ ನಿಲ್ಲಿಸಿದರು. "ಬೇಕಾದಷ್ಟು ಜಾಗ ಇದೆ. ನಿಮ್ಮ ಒಂದೊಂದು ಬೀದಿಗೂ ಒಂದೊಂದು ಲಿಂಕು ಕೊಡ್ತೀನಿ."

"ನೀರು?" ಎಂದ ಒಬ್ಬ ಕ್ಷೌರಿಕ. ಅವನ ಅಂಗಡಿಯಲ್ಲಿ ಅರ್ಧ ಮುಖ ಬೋಳಿಸಿದ ಗಿರಾಕಿ ಕಾಯುತ್ತಿದ್ದ.

"ಮೊದಲು ಲಿಂಕು ಬರ್ಲಿ ಕಣಪ್ಪಾ."

ಲಿಂಕುಗಳು ಬಂದವು. ಸ್ವಲ್ಪ ಹೊತ್ತು ಎಲ್ಲರೂ ತಂತಮ್ಮ ಬೀದಿಯ ಹೆಸರು ಹುಡುಕಿದರು. ಆಮೇಲೆ ಹಿಂದಿನಿಂದ ಯಾರೋ ಕೂಗಿದರು: "ಬಡಗಿಗಳ ಬೀದಿ ನಮ್ಮದಕ್ಕಿಂತ ಮುಂದೆ ಯಾಕೆ?"

ಅಲ್ಲಿಗೆ ನೀರಿನ ಗಲಾಟೆ ಮುಗಿಯಿತು. ಮರುದಿನದಿಂದ ಕಚೇರಿಯ ಮುಂದೆ ಸ್ಥಾನ ಬದಲಾವಣೆಗೆ ಸಾಲು ನಿಂತಿತು. ಸರತಿ ಬರುವ ತನಕ ಕೂರಲು ಜನ ಬಕೆಟ್ಟುಗಳನ್ನು ಮಗುಚಿ ಹಾಕಿಕೊಂಡರು. ಬಾಮೈದ ಬಾಗಿಲಲ್ಲಿ ಕೂತು 'ಮುಂದೊತ್ತುವಿಕೆ ಶುಲ್ಕ' ಪಡೆದು, ನಗುನಗುತ್ತ ರಸೀದಿ ಕೊಡದೆ ಕಳಿಸುತ್ತಿದ್ದ. ಅರ್ಧ ಮುಖದ ಗಿರಾಕಿಯೂ ಕ್ಷೌರಿಕನ ಹಿಂದೆಯೇ ಸಾಲಿನಲ್ಲಿದ್ದ.

ಒಂದು ಸಂಜೆ ಅತ್ತೆ ಗೇಟಿನಲ್ಲೇ ಸೊಸೆಯನ್ನು ತಡೆದರು. "ಏನಮ್ಮಾ, ಎದುರು ಬೀದಿ ನಮಗಿಂತ ಮೇಲಿದೆಯಂತೆ? ಆ ಟೈಲರ್ ಹೆಂಡ್ತಿ ನನ್ನ ಮುಂದೆ ಹೆಂಗೆ ನಡೀತಾಳೆ ನೋಡಿದೀಯಾ?"

"ನೀರು ಎರಡೂ ಬೀದಿಗೂ ಬರ್ತಿಲ್ವಲ್ಲ ಅತ್ತೆ."

"ನೀರಿನ ಮಾತು ಈಗ ಯಾರು ಎತ್ತಿದ್ರು?"

ಅಷ್ಟು ಹೇಳುವಷ್ಟರಲ್ಲೇ ಅತ್ತೆಯ ಕಣ್ಣಲ್ಲಿ ನೀರು ತುಂಬಿತ್ತು. ಮರುದಿನ ಬೆಳಿಗ್ಗೆ ವೆಬ್ಬಮ್ಮ ತಮ್ಮ ಬೀದಿಯನ್ನು ಹಿಡಿದು ಎದುರು ಬೀದಿಯ ಮುಂದಕ್ಕೆ ಎಳೆದು ಇಟ್ಟರು.

ಆ ಸಂಜೆ ಅತ್ತೆ ಕೊಂಡು ತಂದ ನೀರಿನಲ್ಲಿ ಕಾಫಿ ಮಾಡಿ, ಮದುವೆಯಾದಂದಿನಿಂದ ಮೊದಲ ಬಾರಿಗೆ ಸೊಸೆಯ ಕೈಗೆ ತಾವೇ ಕೊಟ್ಟರು.

"ಸಕ್ಕರೆ ಸಾಕಾ?"

"ಸಾಕು ಅತ್ತೆ," ಎಂದರು ವೆಬ್ಬಮ್ಮ. ಕಾಫಿ ಚೆನ್ನಾಗಿತ್ತು.