ಭಾವನ ಗುಟ್ಟಿನ ಜಾಗವೂ ನನ್ನ ಬ್ಲಾಕ್‌ಚೈನೂ

ಮನೆತನದಲ್ಲಿ ಬಿ.ಸಿ.ಎ. ಓದಿದವನು ಒಬ್ಬನಿದ್ದರೆ ಸಾಕು, ಉಳಿದವರೆಲ್ಲ ತಾವಾಗಿಯೇ ಉದ್ಧಾರವಾಗುತ್ತಾರೆ ಎಂದು ನಾನು ನಂಬಿದ್ದೆ. ಹೊನ್ನಾವರದಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಭಟ್ಕಳ ಬಂದರಿನಲ್ಲಿ ಹೆಂಡತಿ ಸವಿತಾಳ ಅಣ್ಣ ಗಣಪತಿ ಭಾವನ ಬೋಟು. ಉದ್ಧಾರಕ್ಕೆ ಮೊದಲು ಸಿಕ್ಕಿದವರು ಅವರೇ.

ಭಾವನ ಬಳಿ ಒಂದು ಗುಟ್ಟಿತ್ತು. ಸಮುದ್ರದಡಿಯ ಕಲ್ಲುಸಾಲೊಂದರ ಹತ್ತಿರ ಇಸವಾಣ ಮೀನು ಕೂಡುವ ಜಾಗ. ದಡದ ಗುಡ್ಡದ ತುದಿ, ಒಂದು ಒಂಟಿ ತೆಂಗಿನಮರ, ಎರಡನ್ನೂ ಒಂದೇ ಗೆರೆಗೆ ತಂದು ಅವರ ಅಪ್ಪ ಗುರುತು ಮಾಡಿಕೊಂಡಿದ್ದರಂತೆ. ಬೇರೆಲ್ಲೂ ಮೀನು ಸಿಗದ ದಿನಗಳಲ್ಲಿ ಅವರ ಮನೆಯೂ, ಬೋಟಿನ ಆಳುಗಳ ಮನೆಯೂ ನಡೆಯುತ್ತಿದ್ದುದು ಆ ಜಾಗದಿಂದ. ಯಾವುದಾದರೂ ಬೋಟು ಹತ್ತಿರ ಬಂದರೆ ಭಾವ ಬಲೆ ಬಿಡದೆ, ಎಂಜಿನ್ ಕೆಟ್ಟವರಂತೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ತಮ್ಮ ಹೆಂಡತಿಗೂ ಆ ಜಾಗ ಹೇಳಿರಲಿಲ್ಲ.

ಆಗ ಒಂದು ರಫ್ತು ಕಂಪನಿ ಬಂತು. ಮೀನಿನ ಪೆಟ್ಟಿಗೆಗೆ ಕ್ಯೂಆರ್ ಚೀಟಿ ಅಂಟಿಸುತ್ತಾರೆ. ಅದಕ್ಕೆ ಮೊಬೈಲ್ ಹಿಡಿದರೆ ಹಿಡಿದವರು ಯಾರು, ಏನು ಎಲ್ಲ ಕಾಣುತ್ತದೆ. ಒಳ್ಳೆಯ ದರವೂ ಸಿಗುತ್ತದೆ. ಮಾಹಿತಿಯೆಲ್ಲ ಬ್ಲಾಕ್‌ಚೈನಿನಲ್ಲಿ. ಅಂದರೆ ಒಂದೇ ಬರಹವನ್ನು ಎಲ್ಲೆಲ್ಲಿಯದೋ ಕಂಪ್ಯೂಟರುಗಳು ಒಟ್ಟಿಗೆ ಇಟ್ಟುಕೊಂಡಿರುತ್ತವೆ. ಒಂದರಲ್ಲಿ ತಿದ್ದಿದರೆ ಉಳಿದವು ಒಪ್ಪುವುದಿಲ್ಲ.

“ಒಮ್ಮೆ ಬರೆದ್ರೆ ಮುಗೀತು ಭಾವ. ಬ್ರಹ್ಮ ಬಂದ್ರೂ ಅಳಿಸೂಕೆ ಆಗುದಿಲ್ಲ,” ಎಂದೆ.

“ಹಂಗಾರೆ ಫೋಟೊ ಚಲೋದು ಹಾಕಿ ಮಾರಾಯ್ರೆ,” ಎಂದರು.

ಭಾವ ಕಪ್ಪು ಕನ್ನಡಕ ಹಾಕಿ, ಇಸವಾಣವನ್ನು ಮಗುವಿನಂತೆ ಎತ್ತಿಕೊಂಡ ಫೋಟೊವನ್ನು ಕಂಪನಿಯ ಆ್ಯಪಿಗೆ ಹಾಕಿದೆ. ಉಳಿದ ಕಡೆಯೆಲ್ಲ ‘ಒಪ್ಪಿಗೆ’ ಒತ್ತುತ್ತಾ ಹೋದೆ. ಓದದೆ ಒಪ್ಪುವುದು ಪದವೀಧರರ ಜನ್ಮಸಿದ್ಧ ಹಕ್ಕು!

ಭಾವ ಆ ಫೋಟೊವನ್ನು ಇಡೀ ಬಂದರಿಗೆ ತೋರಿಸಿದರು. ಎಲ್ಲರೂ ಹೊಗಳಿದರು. ಯಾರೋ ಒಬ್ಬರು ಹೊಗಳುತ್ತಲೇ ಹೆಬ್ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳಿದರು. ಫೋಟೊದ ಕೆಳಗೆ ಸಮುದ್ರದ ನಕ್ಷೆ. ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ. ಮೀನು ಹಿಡಿದ ಜಾಗವನ್ನು ಬೋಟಿನ ಜಿಪಿಎಸ್ ತಾನಾಗಿಯೇ ಬರೆದುಕೊಂಡಿತ್ತು, ನಾನು ಒಪ್ಪಿದ್ದೆ.

ಮರುದಿನ ಭಾವ ಅಲ್ಲಿಗೆ ಹೋದಾಗ ಆಗಲೇ ಬೇರೆ ಬೋಟುಗಳು ನಿಂತಿದ್ದವು. ಯಾರ ಎಂಜಿನ್ನೂ ಕೆಟ್ಟಿರಲಿಲ್ಲ.

ನಾನು ಕಂಪನಿಗೆ ಫೋನ್ ಮಾಡಿ, ವೈಯಕ್ತಿಕ ಮಾಹಿತಿ ಕಾಪಾಡಲು ಈಗ ಕಾನೂನೇ ಇದೆ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುತ್ತಿದ್ದೇವೆ, ಅಳಿಸತಕ್ಕದ್ದು ಎಂದು ಗಂಭೀರವಾಗಿ ಹೇಳಿದೆ. ಆ ಕಡೆಯ ಹುಡುಗಿಯ ದನಿ ಬಹಳ ಇಂಪು.

“ಸರ್, ಅಳಿಸಿಕೊಳ್ಳುವ ನಿಮ್ಮ ಹಕ್ಕನ್ನು ನಾವು ಸಂಪೂರ್ಣವಾಗಿ ಗೌರವಿಸುತ್ತೇವೆ.”

“ಹಾಗಾದರೆ ಅಳಿಸಿ.”

“ಅದು ಆಗೋದಿಲ್ಲ ಸರ್. ಆದರೆ ಗೌರವಿಸುತ್ತೇವೆ.”

ಫೋಟೊ ಮಾತ್ರ ಅವರ ಆಫೀಸಿನ ಕಂಪ್ಯೂಟರಿನಲ್ಲಿದೆಯಂತೆ, ಅದನ್ನು ತೆಗೆದರು. ಫೋಟೊ ಹೋಯಿತು, ಚುಕ್ಕೆ ಉಳಿಯಿತು. ಭಾವನಿಗೆ ಎರಡೂ ದುಃಖ!

ಬೇಕಾದರೆ ಕೆಳಗೊಂದು ತಿದ್ದುಪಡಿ ಸೇರಿಸಬಹುದು ಎಂದಳು ಆ ಹುಡುಗಿ. ಸೇರಿಸಿದೆ: ‘ಮೇಲ್ಕಂಡ ಸ್ಥಳವು ತಪ್ಪಾಗಿದ್ದು, ಅಲ್ಲಿ ಇಸವಾಣ ಇರುವುದಿಲ್ಲವೆಂದೂ ಯಾರೂ ಅತ್ತ ಹೋಗತಕ್ಕದ್ದಲ್ಲವೆಂದೂ ಈ ಮೂಲಕ ತಿಳಿಯಪಡಿಸಲಾಗಿದೆ.’ ಕೆಳಗೆ ನನ್ನ ಹೆಸರು, ಬಿ.ಸಿ.ಎ.

ಸವಿತಾ ಅದನ್ನು ಎರಡೆರಡು ಸಲ ಓದಿದಳು. “ಅಣ್ಣ ಗುಟ್ಟು ಇಟ್ಟಿದ್ದ. ಬಾಯಿಬಿಟ್ಟದ್ದು ಸಾಲ್ದು ಅಂತ ನೀವು ಡಂಗುರವೂ ಹೊಡ್ದ್ರಿ.”

ಮುಂದಿನ ಸಲ ಭಾವ ನನ್ನನ್ನೂ ಬೋಟಿಗೆ ಹತ್ತಿಸಿಕೊಂಡರು. ತಿದ್ದುಪಡಿ ಎಂತ ಕೆಲಸ ಮಾಡಿದೆ ಎಂದು ನಾನೇ ಕಾಣಬೇಕಂತೆ. ಕಂಡೆ. ಮೊದಲ ಬರಹವನ್ನು ನಂಬದವರೆಲ್ಲ ತಿದ್ದುಪಡಿ ಓದಿದ ಮೇಲೆ ಅದನ್ನು ನಂಬಿದ್ದರು! ಭಟ್ಕಳದವರಲ್ಲದೆ ಹೊನ್ನಾವರ, ಕುಮಟಾ ಕಡೆಯ ಬೋಟುಗಳೂ ಬಂದಿದ್ದವು. ಬಲೆಗೆ ಬಲೆ ಸಿಕ್ಕಿತು. ಯಾರದೋ ಹಗ್ಗ ನಮ್ಮ ಬೋಟಿನಡಿಯ ಫ್ಯಾನಿಗೆ ಸುತ್ತಿ ಎಂಜಿನ್ ನಿಂತಿತು. ಈ ಸಲ ನಟನೆಯಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ಬೋಟು ಅಲೆಯ ಮೇಲೇರಿ, ಮನೆಯ ಗೋಡೆಯೇ ನಡೆದುಬರುವಂತೆ ನಮ್ಮತ್ತ ಬಂತು. ಭಾವ ಉದ್ದದ ಬಿದಿರಿನ ಗಳ ಹಿಡಿದು ಅದನ್ನು ತಳ್ಳಲು ನಿಂತರು. ಹಗ್ಗ ಕತ್ತರಿಸಲು ನನಗೆ ಕೂಗಿದರು. ನಾನು ಕಣ್ಣು ಮುಚ್ಚಿ ಕತ್ತರಿಸಿದೆ. ಬಲೆಯೊಂದು ಮುಳುಗಿತು. ನಮ್ಮದೇ!

ಹಗ್ಗಕ್ಕೆಂದು ನಾನು ಬೋಟಿನ ಅಂಚಿನಿಂದ ಕೈ ತೆಗೆದಿದ್ದೆನಷ್ಟೆ. ಆ ಕೈ ಇದ್ದಲ್ಲೇ ದೊಡ್ಡ ಬೋಟು ಬಡಿದು ಹಲಗೆ ಸೀಳಿತು. ಬೋಟಿನ ಪಕ್ಕಕ್ಕೆ ತೂಗಿಬಿಟ್ಟಿದ್ದ ಟೈರು ನಡುವೆ ಸಿಕ್ಕಿ ಕಿರುಚಿತು. ಟೈರೋ, ನಾನೋ, ಇಂದಿಗೂ ಖಚಿತವಿಲ್ಲ. ಈಗಲೂ ಬಸ್ಸು ಗಡಗಡ ಎಂದರೆ ಕಂಬಿಯನ್ನು ಅಪ್ಪಿಕೊಳ್ಳುತ್ತೇನೆ. ಮೊನ್ನೆ ಕುಮಟಾಕ್ಕೆ ಹೋಗುವಾಗ ಅಪ್ಪಿಕೊಂಡದ್ದು ಕಂಡಕ್ಟರನ್ನು.

ಇನ್ನೊಂದು ಬೋಟು ನಮ್ಮನ್ನು ದಡಕ್ಕೆ ಎಳೆದು ತಂದಿತು. ದಾರಿಯುದ್ದಕ್ಕೂ ಭಾವ ಬೈಯಲಿಲ್ಲ. ಬೈದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಅವರು ಹೊಸ ಜಾಗ ಹುಡುಕಿದ್ದಾರೆಂದು ಸವಿತಾ ಮೊನ್ನೆ ಹೇಳಿದಳು. ಎಲ್ಲಿ ಎಂದೆ.

“ನಂಗೂ ಹೇಳ್ಲಿಲ್ಲ. ನಾನು ನಿಮ್ಮ ಹೆಂಡ್ತಿಯಂತೆ.”

ನಮ್ಮ ಮನೆಗೆ ಮೀನು ಕಳಿಸುವುದನ್ನು ಮಾತ್ರ ಭಾವ ನಿಲ್ಲಿಸಿಲ್ಲ. ಆದರೆ ಈಗ ತುಂಡು ಮಾಡಿಯೇ ಕಳಿಸುತ್ತಾರೆ. ಇಡೀ ಮೀನು ಕಂಡರೆ ಬಿ.ಸಿ.ಎ. ಓದಿದವನು ಅದರ ಊರು ಬರೆದುಬಿಟ್ಟಾನು ಎಂದು ಭಯವಂತೆ.